ನಗೆ, ನಂಬುಗೆ ಮತ್ತು ಸಂಚಿಯೊಳಗಿನ ಗುಳಿಗೆ

2019ರ ಆಗಸ್ಟ್ ತಿಂಗಳನ್ನು ಘಟಪ್ರಭೆಯ ದಂಡೆಯ ಭಕ್ತಬಾಂಧವರು ಮರೆತಿರಲಾರರು. ಶ್ರಾವಣದ ಪುರಾಣ ಪ್ರವಚನಗಳು ಆಗತಾನೆ ಆರಂಭವಾಗಿದ್ದವು. ಹಿಡಕಲ್ ಜಲಾಶಯ ತುಂಬಿತು. ಘಟಪ್ರಭೆಯೊಡನೆ ಹಿರಣ್ಯಕೇಶಿಯೂ ಮಾರ್ಕಂಡೇಯವೂ ಉಕ್ಕಿದವು. ಲೋಳಸೂರ ಸೇತುವೆ ಕಣ್ಮರೆಯಾಯಿತು. ಗೋಕಾಕದ ಪೇಟೆಯೊಳಗೆ ನೀರು ನಿಂತಿತು. ಆ ದಿನಗಳಲ್ಲಿ ಗೋಕಾಕದ ಸಮೀಪದ ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರಕ್ಕೆ ರಕ್ತದೊತ್ತಡ ನೋಡುವ ಸಲಕರಣೆ ಹಿಡಿದು ನಾನೂ ಹೋಗಿದ್ದೆ. ವರ್ಗಕೋಣೆಯ ಗೋಡೆಗೆ ಒರಗಿ ಎಪ್ಪತ್ತು ದಾಟಿದ ತಾಯಿಯೊಬ್ಬರು ಕುಳಿತಿದ್ದರು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ತೊಡೆಯ ಮೇಲೆ ಎಲೆಯಡಿಕೆಯ ಸಂಚಿ. ತೋಳಿಗೆ ಪಟ್ಟಿ ಸುತ್ತುತ್ತ, “ಮನಿ ಹೆಂಗೈತಿ ಯವ್ವಾ?” ಎಂದು ಕೇಳಿದೆ. ಕೇಳಿದ ಮರುಕ್ಷಣವೇ ಕೇಳಬಾರದಿತ್ತೆನಿಸಿತು.

“ಗಂಗವ್ವ ಬಂದಾಳಪಾ ಮನಿಗೆ. ಕರೀಲಾರದ ಬಂದ ಬೀಗತಿ ಆಕಿ. ಪಡಸಾಲ್ಯಾಗ ಕುಂದ್ರಬೇಕೋ ಬ್ಯಾಡೋ? ಸೀದಾ ಅಡಗಿಮನಿಗೇ ಹೋಗಿ ಕುಂತಾಳ. ಯಾವಾಗ ಹೋಗ್ತೀಯವ್ವಾ ಅಂತ ಬೀಗತಿನ್ನ ಹೆಂಗ ಕೇಳೂದು?”

ಎರಡು ದಿನಗಳಿಂದ ಮಾತಿಲ್ಲದೆ ಕುಳಿತಿದ್ದ ಆ ಕೋಣೆ ನಕ್ಕಿತು. ಅಳುತ್ತಿದ್ದವರೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಾನು ಅಂಜಿದ್ದಷ್ಟು ಅವರ ರಕ್ತದೊತ್ತಡ ಏರಿರಲಿಲ್ಲ. ಕಾರಣ ಕೇಳಿದಾಗ ಸಂಚಿಯ ಬಾಯಿ ಬಿಚ್ಚಿ, ಅಡಿಕೆಹೋಳುಗಳ ನಡುವಿನಿಂದ ಗುಳಿಗೆಯ ಪಟ್ಟಿಯೊಂದನ್ನು ಎತ್ತಿ ತೋರಿಸಿದರು. “ಲಿಂಗಪ್ಪ ಕೊಳ್ಳಾಗ ಇದ್ದ, ಗುಳಿಗಿ ಸಂಚ್ಯಾಗ ಇದ್ದುವು. ಉಳದದ್ದು ಆತ ನೋಡ್ಕೋತಾನ” ಎಂದರು.

ಅನೇಕ ವರ್ಷಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೋಗಿಗಳನ್ನು ನೋಡುತ್ತ ಬಂದಿರುವ ನನಗೆ ಆ ತಾಯಿಯ ಮಾತಿನಲ್ಲಿ ಒಂದು ಪೂರ್ಣವಾದ ಆರೋಗ್ಯಸೂತ್ರ ಕಂಡಿತು. ತನ್ನ ಕೈಯಲ್ಲಿದ್ದುದನ್ನು, ಅಂದರೆ ಗುಳಿಗೆಯನ್ನು, ಆಕೆ ಬಿಟ್ಟುಬರಲಿಲ್ಲ. ಕೈಮೀರಿದ್ದ ಮನೆ, ಕಾಳುಕಡಿಗಳನ್ನು ದೇವರಿಗೆ ಒಪ್ಪಿಸಿದಳು. ಇವೆರಡರ ನಡುವೆ ಉಳಿದ ಭಯವನ್ನು ನಗೆಯಾಗಿಸಿ ಸುತ್ತಲಿನವರಿಗೆ ಹಂಚಿದಳು. ಈ ಮೂರನ್ನು ಬೇರ್ಪಡಿಸಿದಾಗ ಏನಾಗುತ್ತದೆಂಬುದನ್ನೂ ನಾನು ಕಂಡಿದ್ದೇನೆ. ಅದರಲ್ಲಿ ನನ್ನದೇ ತಪ್ಪೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಭಯವು ಶರೀರದಲ್ಲಿ ಮಾಡುವ ಕೆಲಸವನ್ನು ತಿಳಿಯೋಣ. ಆಪತ್ತು ಎದುರಾದಾಗ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ರಸಗಳನ್ನು ಸುರಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಓಡಲು, ಈಸಲು, ಮಕ್ಕಳನ್ನು ಹೊತ್ತು ಮಾಳಿಗೆ ಏರಲು ಇದು ಬೇಕೇ ಬೇಕು. ತೊಂದರೆ ಎಂದರೆ, ನೀರು ನಿಜವಾಗಿ ಬಂದಿದೆಯೋ ಅಥವಾ ಬಂದೀತೆಂಬ ಚಿಂತೆ ಮಾತ್ರ ಬಂದಿದೆಯೋ ಎಂಬುದನ್ನು ಶರೀರ ಸರಿಯಾಗಿ ಗುರುತಿಸಲಾರದು. ನದಿ ಇಳಿದ ಮೇಲೂ ಚಿಂತೆ ಇಳಿಯುವುದಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಗೋಕಾಕದ ಮೇಲಿನ ಗುಡ್ಡದಲ್ಲಿ ಭಾರಿ ಬಂಡೆಗಳು ಸಡಿಲಗೊಂಡು ಊರಿನ ಮೇಲೆ ಉರುಳುವ ಭೀತಿ ಹುಟ್ಟಿದಾಗ, ನಿದ್ರೆಯಿಲ್ಲವೆಂದು ನನ್ನಲ್ಲಿಗೆ ಬಂದವರು ಗುಡ್ಡದ ಬುಡದಲ್ಲಿ ವಾಸಿಸುವವರಷ್ಟೇ ಆಗಿರಲಿಲ್ಲ. ಇಂದಿಗೂ ಮಳೆಗಾಲದಲ್ಲಿ ಜಲಾಶಯದ ಮಟ್ಟದ ಸುದ್ದಿ ಬಂದ ದಿನ ಕೆಲವರ ರಕ್ತದೊತ್ತಡ ಏರುವುದನ್ನು ನೋಡುತ್ತೇನೆ. ಹೀಗೆ ದಿನವೂ ಒಳಗೊಳಗೇ ಪ್ರವಾಹವನ್ನು ಅನುಭವಿಸುವ ಶರೀರದಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬಾರದು, ಹೃದಯ ದಣಿಯುತ್ತದೆ.

ನಗೆ ಈ ಬಿಗಿಯನ್ನು ಹೇಗೆ ಸಡಿಲಿಸುತ್ತದೆ? ಮನಸಾರೆ ನಗುವಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯೆಂಬ ಸ್ನಾಯು ಪದೇ ಪದೇ ಅದಿರಿ ಶ್ವಾಸಕೋಶದ ಗಾಳಿಯನ್ನು ಹೊರದೂಡುತ್ತದೆ. ಎದೆಬಡಿತ ತುಸು ಏರಿ, ನಗು ನಿಂತ ಮೇಲೆ ಇಳಿಯುತ್ತದೆ. ಹೆಗಲು, ಕತ್ತು, ದವಡೆಯ ಸ್ನಾಯುಗಳು ಸಡಿಲಗೊಳ್ಳುತ್ತವೆ. ನಕ್ಕೂ ನಕ್ಕೂ ಸಾಕಾದಾಗ ಕೈಯಲ್ಲಿದ್ದ ವಸ್ತುವೂ ಜಾರಿಬೀಳುವುದು ಇದರಿಂದಲೇ. 2012ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಇತರರೊಡನೆ ಕೂಡಿ ನಕ್ಕವರು ಆ ಬಳಿಕ ನೋವನ್ನು ಹೆಚ್ಚು ಹೊತ್ತು ತಾಳಿಕೊಂಡರು. ನೋವು ತಣಿಸುವ ಎಂಡಾರ್ಫಿನ್ ಎಂಬ ರಸಗಳು ಇದಕ್ಕೆ ಕಾರಣವಿರಬೇಕೆಂದು ಅವರ ಊಹೆ. ಕೂಡಿ ನಗುವುದು ಎಂಬ ಮಾತನ್ನು ಗಮನಿಸಬೇಕು. ಮೊಬೈಲಿನ ವಿಡಿಯೋ ನೋಡಿ ಮೂಲೆಯಲ್ಲಿ ಒಬ್ಬರೇ ನಗುವುದಕ್ಕಿಂತ ಕಟ್ಟೆಯ ಮೇಲೆ ನಾಲ್ವರು ಕೂಡಿ ನಗುವುದು ಮೇಲೆಂದು ಹೇಳಲು ನಮ್ಮ ಹಿರಿಯರಿಗೆ ಪ್ರಯೋಗಾಲಯವೇನೂ ಬೇಕಿರಲಿಲ್ಲ.

ನಂಬುಗೆಯ ಕೆಲಸ ಇದಕ್ಕಿಂತ ನಿಧಾನವಾದುದು. ಪ್ರಾತಃಕಾಲ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತವರ ಉಸಿರನ್ನು ಗಮನಿಸಿರಿ. ಯಾರೂ ಹೇಳದೆಯೇ ಅದು ದೀರ್ಘವಾಗುತ್ತದೆ. 2001ರಲ್ಲಿ ಇಟಲಿಯ ವೈದ್ಯ ಲೂಚಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗಮಂತ್ರವನ್ನೂ ಹೋಲಿಸಿ ನೋಡಿತು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ರಕ್ತದೊತ್ತಡದ ಏರಿಳಿತವನ್ನು ಸರಿದೂಗಿಸುವ ನರಗಳ ಸ್ಪಂದನ ಚುರುಕಾಗಿತ್ತು. ಪೂಜೆಯ ಫಲ ಇಷ್ಟೇ ಎಂದು ನಾನು ಹೇಳುತ್ತಿಲ್ಲ. ಪೂಜೆಯನ್ನು ರಕ್ತದೊತ್ತಡದ ಔಷಧಿಯೆಂದು ಅಳೆಯುವುದು ಅದಕ್ಕೆ ಮಾಡುವ ಅಗೌರವ. ಆದರೆ ಗಡಿಬಿಡಿಯಲ್ಲಿ, ಒಂದು ಕಣ್ಣು ಗಡಿಯಾರದ ಮೇಲಿಟ್ಟು ಪೂಜೆ ಮುಗಿಸುವವರಿಗೆ ಈ ದೇಹದ ಲಾಭವೂ ದೊರೆಯದು ಎಂಬುದನ್ನಂತೂ ಹೇಳಲೇಬೇಕು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಬೆನ್ನುಮೂಳೆಯ ತೀವ್ರ ವ್ಯಾಧಿಯಿಂದ ಮಲಗಿದ್ದಾಗ ಹಾಸ್ಯಚಿತ್ರಗಳನ್ನು ನೋಡಿ ನಕ್ಕದ್ದನ್ನೂ, ಹತ್ತು ನಿಮಿಷದ ನಗೆಯಿಂದ ಎರಡು ಗಂಟೆಯ ನೋವಿಲ್ಲದ ನಿದ್ರೆ ದೊರೆತದ್ದನ್ನೂ 1976ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. ಜಗತ್ತೇ ಆ ಲೇಖನವನ್ನು ಓದಿತು. ಮುಂಬಯಿಯಲ್ಲಿ 1995ರಲ್ಲಿ ಡಾ. ಮದನ್ ಕಟಾರಿಯಾ ನಗೆಕೂಟವನ್ನು ಆರಂಭಿಸಿದ ಮೇಲೆ ಉದ್ಯಾನಗಳಲ್ಲಿ ನಸುಕಿಗೇ ನಗುವ ಗುಂಪುಗಳು ಹುಟ್ಟಿಕೊಂಡವು. ಒಳ್ಳೆಯದೇ. ಆದರೆ ಕಸಿನ್ಸ್ ಒಬ್ಬ ರೋಗಿ. ಒಬ್ಬನ ಅನುಭವ ಎಲ್ಲರ ಚಿಕಿತ್ಸೆಯಾಗಲಾರದು, ಮತ್ತು ಅವರ ಬದಿಯಲ್ಲಿ ವೈದ್ಯರಿದ್ದರು. ನಮ್ಮ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ತಲೆಯೆತ್ತಿದ 1929ರಲ್ಲಿ ಕ್ಷಯಕ್ಕೆ ಎಲ್ಲಿಯೂ ಔಷಧಿಯಿರಲಿಲ್ಲ. ಆ ಕಾಲದಲ್ಲಿ ಜಗತ್ತಿನಾದ್ಯಂತ ಕ್ಷಯರೋಗಿಗಳಿಗೆ ದೊರೆಯುತ್ತಿದ್ದುದು ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ ಮತ್ತು ಧೈರ್ಯದ ನಾಲ್ಕು ಮಾತು. ಅಷ್ಟಿದ್ದೂ ಅಸಂಖ್ಯ ಜನ ತೀರಿಹೋದರು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟು ಅದರ ಬೆನ್ನಿಗೆ ಇತರ ಔಷಧಿಗಳು ಬಂದ ಮೇಲೆಯೇ ಕ್ಷಯ ಗುಣವಾಗತೊಡಗಿತು. ನಗೆಯೂ ನಂಬುಗೆಯೂ ರೋಗಾಣುವನ್ನು ಕೊಲ್ಲವು. ಆದರೆ ಆರು ತಿಂಗಳು ತಪ್ಪದೆ ಗುಳಿಗೆ ನುಂಗುವ ತಾಳ್ಮೆಯನ್ನು ಯಾವ ಔಷಧಿ ಅಂಗಡಿಯೂ ಮಾರುವುದಿಲ್ಲ. ಅದು ಇವೆರಡರಿಂದಲೇ ಬರಬೇಕು.

ದೇವರ ಮುಂದೆ ನಗಬಹುದೇ ಎಂಬ ಸಂಕೋಚ ಕೆಲವರಿಗಿದೆ. ಭಕ್ತಿಯೆಂದರೆ ಮುಖ ಗಂಟಿಕ್ಕಿಕೊಳ್ಳುವುದೆಂದು ಅವರು ತಿಳಿದಂತಿದೆ. ನಮ್ಮ ಸೀಮೆಗೆ ಈ ಸಂಕೋಚ ಎಲ್ಲಿಂದ ಬಂದಿತೋ ತಿಳಿಯದು. ಶ್ರೀಕೃಷ್ಣ ಪಾರಿಜಾತದ ಬಯಲಾಟವನ್ನು ಮನೆಮಾತಾಗಿಸಿದ ನೆಲ ಇದು. ಆ ಆಟದೊಂದಿಗೆ ಕುಲಗೋಡದ ತಮ್ಮಣ್ಣನ ಹೆಸರು ಬೆಸೆದುಕೊಂಡಿದೆ. ಕೌಜಲಗಿಯ ನಿಂಗಮ್ಮ ಅದಕ್ಕೆ ನಾಡಿನಲ್ಲೆಲ್ಲ ಕೀರ್ತಿ ತಂದ ಕಲಾವಿದೆ. ಒಂದು ಹೂವನ್ನು ಒಬ್ಬಳಿಗೆ ಕೊಟ್ಟ ತಪ್ಪಿಗೆ ಇನ್ನೊಬ್ಬಳ ಕದದ ಮುಂದೆ ನಿಂತು ಜಗದೊಡೆಯನೇ ಗೋಗರೆಯುವ ಕಥೆ ಅದು. ಗೊಲ್ಲತಿಯೂ ಭಾಗವತನೂ ಮಾತಿಗೆ ಮಾತು ಕೊಡುತ್ತ ಜನರನ್ನು ಬೆಳತನಕ ಎಚ್ಚರವಾಗಿಡುತ್ತಾರೆ. ಹಾಗೆ ನಕ್ಕವರ ಭಕ್ತಿ ಬೆಳಗಾಗುವುದರೊಳಗೆ ಕರಗಿದ್ದನ್ನು ಯಾರೂ ಕಂಡಿಲ್ಲ. ಸಲಿಗೆಯಿರುವಲ್ಲಿಯೇ ನಗೆಯಿರುತ್ತದೆ; ಅಪರಿಚಿತನೊಡನೆ ಯಾರೂ ಚೇಷ್ಟೆ ಮಾಡುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳಲ್ಲಿಯೂ ನಗೆಗೆ ಕೊರತೆಯಿಲ್ಲ. ಅಂಬಿಗರ ಚೌಡಯ್ಯನವರ ನಗೆಯಲ್ಲಿ ಚಾಟಿಯ ಏಟಿದೆ. ಆದರೆ ಆ ಏಟು ಬೀಳುವುದು ಡಾಂಭಿಕರ ಬೆನ್ನಿಗೆ. ನೊಂದವನನ್ನು, ರೋಗಿಯನ್ನು, ಬಡವನನ್ನು ಶರಣರು ನಗೆಗೀಡು ಮಾಡಲಿಲ್ಲ.

ನಾನು ಮಾಡಿದೆ. ಮೂಡಲಗಿ ಕಡೆಯ ಒಬ್ಬ ರೈತರು ಸಕ್ಕರೆ ಕಾಯಿಲೆಗಾಗಿ ನನ್ನಲ್ಲಿಗೆ ಬರುತ್ತಿದ್ದರು. ಐವತ್ತೈದರ ಆಸುಪಾಸು, ಕಬ್ಬಿನ ಹೊಲ, ಮೃದು ಸ್ವಭಾವ. ಒಂದು ಸಲ ಬಂದಾಗ ಸಕ್ಕರೆಯ ಪ್ರಮಾಣ ಬಹಳ ಏರಿತ್ತು. ಎರಡು ತಿಂಗಳಿಂದ ಗುಳಿಗೆ ನಿಲ್ಲಿಸಿದ್ದರು. ಕೇಳಿದರೆ, “ದೇವರ ಕೊಟ್ಟ ಬ್ಯಾನಿ, ದೇವರಽ ಕಳೀತಾನ್ರಿ ಸಾಹೇಬ್ರ” ಎಂದರು. ಅಂದು ಸಂತೆಯ ದಿನ, ರೋಗಿಗಳು ಕಿಕ್ಕಿರಿದಿದ್ದರು, ನಾನು ದಣಿದಿದ್ದೆ. “ಹಂಗಾದ್ರ ಕಬ್ಬಿಗೆ ನೀರ ಯಾಕ ಬಿಡ್ತೀ ಕಾಕಾ? ಅದನೂ ದೇವರಽ ಬಿಡ್ಲಿ” ಎಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನಗೂ ನನ್ನ ಮಾತಿನ ಚುರುಕುತನ ಹಿಡಿಸಿತು. ಅವರು ಮಾತ್ರ ನಗಲಿಲ್ಲ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು.

ಎಂಟು ತಿಂಗಳು ಅವರು ಬರಲಿಲ್ಲ. ಬಂದಾಗ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಹೊಲದಲ್ಲಿ ಕಬ್ಬಿನ ಕೂಳೆ ಚುಚ್ಚಿದ್ದು ಅವರಿಗೆ ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರದಿದ್ದರೆ ಪಾದದ ನರಗಳು ಜಡವಾಗುತ್ತವೆ. ಗಾಯವಾದರೂ ನೋವು ಕಾಣಿಸದು. ರಕ್ತಸಂಚಾರ ಕುಗ್ಗಿರುವುದರಿಂದ ಗಾಯ ಮಾಯದು. ಬೆರಳುಗಳನ್ನು ತೆಗೆಯಬೇಕಾಯಿತು. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಗೆ ಹೋಗಿ ಅವರ ಹಾಸಿಗೆಯ ಬದಿಯಲ್ಲಿ ಕುಳಿತು ನನ್ನಿಂದ ತಪ್ಪಾಯಿತೆಂದೆ. “ನೀವಂದದ್ದು ಖರೇನ ಇತ್ರಿ. ಆದ್ರ ಮಂದಿ ನಕ್ಕರಲ್ರೀ” ಎಂದರು. ಹೆಚ್ಚೇನೂ ಹೇಳಲಿಲ್ಲ.

ಅಂದಿನ ನನ್ನ ಉಪಮೆಯಲ್ಲಿ ಹುರುಳಿತ್ತು. ಕಬ್ಬಿಗೆ ನೀರು ಬಿಡುವ ರೈತನಿಗೆ ದೇವರಲ್ಲಿ ನಂಬಿಕೆಯಿಲ್ಲವೆಂದು ಯಾರೂ ಹೇಳರು. ಉತ್ತುವುದು, ಬಿತ್ತುವುದು, ಕಳೆ ತೆಗೆಯುವುದು ಅವನ ಪಾಲು. ಮಳೆ, ಬಿಸಿಲು ಅವನ ಪಾಲಲ್ಲ. ಶರೀರವೂ ಒಂದು ಹೊಲವೇ. ಗುಳಿಗೆ, ನಡಿಗೆ, ಊಟದ ಮಿತಿ ನಮ್ಮ ಪಾಲು. ಅಷ್ಟನ್ನು ಮಾಡಿದ ಮೇಲೂ ಏನಾದೀತೋ ಎಂಬ ಭಾರವನ್ನು ರಾತ್ರಿಯೆಲ್ಲ ಹೊರದೆ ಇಳಿಸಿಬಿಡುವುದೇ ನಂಬುಗೆ. ಮಾಡಬೇಕಾದುದನ್ನು ಮಾಡದೆ ದೇವರ ಹೆಸರು ಹೇಳುವುದಕ್ಕೆ ಬೇರೆ ಹೆಸರಿದೆ. ಅನೇಕ ಸಲ ಅದು ಭಕ್ತಿಯೂ ಅಲ್ಲ, ಸೋಮಾರಿತನವೂ ಅಲ್ಲ, ಭಯ. ಅವರಿಗೂ ಭಯವೇ ಇತ್ತು. ತಮ್ಮ ಅಣ್ಣ ಇದೇ ಕಾಯಿಲೆಯಿಂದ ತೀರಿಕೊಂಡದ್ದನ್ನು ಆಸ್ಪತ್ರೆಯ ಹಾಸಿಗೆಯ ಮೇಲಷ್ಟೇ ನನಗೆ ತಿಳಿಸಿದರು. ಆ ಭಯವನ್ನು ಕೇಳಿಸಿಕೊಳ್ಳಬೇಕಾಗಿದ್ದ ನಾನು ಅದರ ಮೇಲೆ ನಗೆಯ ಕಲ್ಲೆಸೆದೆ.

ಕೂಡಿ ನಗುವುದಕ್ಕೂ ಒಬ್ಬರನ್ನು ನೋಡಿ ನಗುವುದಕ್ಕೂ ಇರುವ ಅಂತರವನ್ನು ನನಗೆ ಚೆನ್ನಾಗಿ ಕಲಿಸಿದವರು ಹುಕ್ಕೇರಿ ತಾಲ್ಲೂಕಿನ ಒಂದು ಮನೆಯ ಅತ್ತೆ ಸೊಸೆಯರು. ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು, ಮಾತು ಅದಲುಬದಲಾಗುತ್ತಿತ್ತು. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೀಗಾಗುವುದುಂಟು. ಬುದ್ಧಿ ನೆಟ್ಟಗಿದ್ದರೂ ಬೇಕಾದ ಪದ ನಾಲಿಗೆಗೆ ಬರುವುದಿಲ್ಲ. ಚಹಾ ಬೇಕೆನ್ನಲು ಹೋಗಿ ಆ ತಾಯಿ ನನ್ನೆದುರಿಗೇ “ಎಮ್ಮಿ, ಎಮ್ಮಿ ತಾ” ಎಂದರು. ನಾನು ಏನು ಮಾಡಬೇಕೆಂದು ತಿಳಿಯದೆ ನೆಲ ನೋಡಿದೆ. ತಪ್ಪು ತಮಗೇ ತಿಳಿದು ಅವರ ತುಟಿ ಕೊಂಕಿತು. ಆಗ ಸೊಸೆ, “ಎಮ್ಮಿ ಅಡಗಿಮನ್ಯಾಗ ಹಿಡಿಸೂದಿಲ್ಲರೀ ಅತ್ತೀ, ಅದರ ಹಾಲಷ್ಟ ಕಾಸಿ ತರ್ತೀನಿ, ನಡೀತೈತಿ?” ಎಂದಳು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲು ನಕ್ಕದ್ದು ರೋಗಿ. ಸೊಸೆ ನಕ್ಕದ್ದು ಅವರ ನಂತರ. ಆ ಕ್ರಮವೇ ಎಲ್ಲವನ್ನೂ ಹೇಳುತ್ತದೆ. ಆ ಸೊಸೆ ಹಗಲಿರುಳು ಎತ್ತಿ ಕೂರಿಸಿ, ಮೈ ಒರೆಸಿ, ಕೈಗೆ ವ್ಯಾಯಾಮ ಮಾಡಿಸುತ್ತಿದ್ದಳು. ರೋಗಿಯ ಆರೈಕೆ ಮಾಡುವವರೇ ಕ್ರಮೇಣ ಕುಗ್ಗಿ ರೋಗಿಗಳಾಗುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಆ ಮನೆಯಲ್ಲಿ ಹಾಗಾಗಲಿಲ್ಲ. ಸಂಜೆ ಒಂದು ತಾಸು ನೆರೆಮನೆಯವರು ಅತ್ತೆಯ ಬಳಿ ಕುಳಿತು ಆಕೆಗೆ ಬಿಡುವು ಕೊಡುತ್ತಿದ್ದುದೂ ಇದಕ್ಕೆ ಕಾರಣವೆಂಬುದನ್ನು ಹೇಳದಿದ್ದರೆ ಅಪಚಾರವಾದೀತು.

ನಗುವುದೇ ಕಷ್ಟವಾಗಿರುವ ತಾಯಂದಿರೂ ಇದ್ದಾರೆ. ನಕ್ಕಾಗ, ಕೆಮ್ಮಿದಾಗ ಮೂತ್ರ ತೊಟ್ಟಿಕ್ಕುತ್ತದೆಂದು ಜಾತ್ರೆ, ಮದುವೆ, ಪ್ರವಚನಗಳಿಗೆ ಹೋಗುವುದನ್ನೇ ಬಿಟ್ಟವರನ್ನು ನಾನು ಬಲ್ಲೆ. ಹೆರಿಗೆಯ ನಂತರ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಾಗುವುದರಿಂದ ಹೀಗಾಗುತ್ತದೆ. ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಸರಳ ವ್ಯಾಯಾಮದಿಂದ ಅನೇಕರಿಗೆ ಗುಣವಾಗುತ್ತದೆ. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಹರ್ನಿಯಾ ಇರುವಾಗ ಬಿದ್ದುಬಿದ್ದು ನಗುವುದು ಬೇಡ. ಕೆಲವು ಉಬ್ಬಸ ರೋಗಿಗಳಿಗೆ ಜೋರಾದ ನಗೆಯಿಂದಲೇ ಉಸಿರು ಕಟ್ಟುವುದುಂಟು. ಅವರು ಎಳೆದುಕೊಳ್ಳುವ ಔಷಧಿಯನ್ನು ಜೊತೆಯಲ್ಲಿಟ್ಟುಕೊಂಡಿರಬೇಕು.

ಇನ್ನೊಂದು ಬಗೆಯವರಿಗೆ ಮಾತ್ರ ನಗಿರೆಂದೂ, ದೇವರನ್ನು ನಂಬಿರೆಂದೂ ಉಪದೇಶಿಸಬಾರದು. ಸಾಲ, ಬೆಳೆಹಾನಿ, ಅಗಲಿಕೆಗಳಿಂದ ಕುಸಿದು, ಎರಡು ವಾರಕ್ಕೂ ಮಿಕ್ಕಿ ನಿದ್ರೆ ಊಟ ಬಿಟ್ಟು, ಬದುಕಿ ಏನು ಫಲ ಎನ್ನುವ ಮಾತಾಡುವವರದು ಖಿನ್ನತೆಯೆಂಬ ರೋಗ. ನಂಬುಗೆ ಸಾಲದ್ದರಿಂದ ಬಂದುದಲ್ಲ ಅದು. ಪೂಜೆ ತಪ್ಪಿಸದ ಭಕ್ತರಿಗೂ ಬರುತ್ತದೆ. ಬಂದಾಗ ಪೂಜೆಗೆ ಕೂರಲೂ ಮನಸ್ಸಾಗದೆ ತಾವು ದೇವರಿಗೂ ಬೇಡವಾದೆವೆಂದು ಅವರು ಮತ್ತಷ್ಟು ಕೊರಗುತ್ತಾರೆ. ಅಂಥವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಮೂಡಲಗಿಯ ಆ ರೈತರು ಈಗ ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ. ರಾತ್ರಿ ಮಲಗುವ ಮುನ್ನ ಸೊಸೆ ಅವರ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡುತ್ತಾಳೆ; ಹೊಲಕ್ಕೂ ಬರಿಗಾಲಲ್ಲಿ ಹೋಗುವುದಿಲ್ಲ. ಕಳೆದ ಸಲ ಮೆತ್ತನೆಯ ಅಟ್ಟೆಯ ಹೊಸ ಚಪ್ಪಲಿ ಮೆಟ್ಟಿ ಬಂದಿದ್ದರು. ಅಂದೂ ಸಂತೆಯ ದಿನವೇ, ಬಾಗಿಲ ತುಂಬ ಜನ. ಕುರ್ಚಿಯಲ್ಲಿ ಕುಳಿತು ಎಡಗಾಲನ್ನು ಮುಂದೆ ಚಾಚಿ, ಎಲ್ಲರಿಗೂ ಕೇಳುವಂತೆ, “ಸಾಹೇಬ್ರ, ಎರಡ ಬಳ್ಳಿನ ಭಾರ ಕಮ್ಮಿ ಆಗೇತಿ. ಈ ಸಲ ಜಾತ್ರ್ಯಾಗ ತೇರ ಎಳ್ಯಾಕ ನಾನಽ ಮುಂದ ಓಡ್ತೀನಿ” ಎಂದು ಗಟ್ಟಿಯಾಗಿ ನಕ್ಕರು. ಅವರು ನಕ್ಕ ಮೇಲೆ ನಾನೂ ನಕ್ಕೆ.